ಬಿರುಗಾಳಿಯ ತಂಗಿ ಗಂಡ

ಹಳೆಯ ಪೇಟೆಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಇಕ್ಕಟ್ಟಾಗಿ ಸಿಕ್ಕಿಕೊಂಡಿದ್ದ ಬೂಟಿನ ಅಂಗಡಿಯಲ್ಲಿ ಮೇಸ್ತ್ರಿ ಮೂವತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದ. ಅಳತೆ ಕೊಟ್ಟು ಬೂಟು ಹೊಲಿಸಿಕೊಳ್ಳುವವರ ಅಂಗಡಿ ಅದು. ಮಾಲೀಕರು ಮುಂದೆ ಕೂತು ಗಿರಾಕಿಗಳೊಂದಿಗೆ ಮಾತಾಡುವರು. ಮೇಸ್ತ್ರಿ ಹಿಂದಿನ ಕೋಣೆಯಲ್ಲಿ, ತೊಡೆಯ ಮೇಲೆ ಚರ್ಮ, ಬಾಯಲ್ಲಿ ಮೇಣ ಹಚ್ಚಿದ ದಾರ ಇಟ್ಟುಕೊಂಡು ಹೊಲಿಯುವನು. ಗೋಡೆಯ ಹಲಗೆಗಳ ಮೇಲೆ ಮರದ ಅಚ್ಚುಗಳು ಜೋಡಿಜೋಡಿಯಾಗಿ ಕೂತಿದ್ದವು. ಒಬ್ಬೊಬ್ಬ ಗಿರಾಕಿಯ ಪಾದವನ್ನು ಹಾಗೇ ಹೋಲುವಂತೆ ಕೆತ್ತಿದ ಮರದ ಪಾದಗಳು. ಅವುಗಳ ಮೇಲೆ ಚರ್ಮ ಎಳೆದು ಕೂರಿಸಿ ಬೂಟು ಮಾಡುವುದು.

ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಒಂದೇ ಒಂದು ಜೋಡಿ ಇತ್ತು. ಅದನ್ನು ಮೇಸ್ತ್ರಿಯ ಹೊರತು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದು ಬಿರುಗಾಳಿಯ ಪಾದ.

ಬಿರುಗಾಳಿ ಅಂದರೆ ಆ ಊರಿನ ಓಟಗಾರ್ತಿ. ತಂದೆ ತಾಯಿ ಇಟ್ಟ ಹೆಸರು ಊರಿಗೆ ಮರೆತೇಹೋಗಿತ್ತು. ದೂರದ ಓಟದಲ್ಲಿ ಮೂರು ಸಲ ಹೊರದೇಶದಿಂದ ಪದಕ ತಂದವಳು. ಕ್ರೀಡಾಂಗಣದ ಒಂದು ಬಾಗಿಲಿಗೆ ಆಕೆಯ ಹೆಸರಿಟ್ಟಿದ್ದರು. ಆಕೆಯ ಕಾಲು ಮಾತ್ರ ಮಹಾ ತಂಟೆಯ ಕಾಲು. ಬಲಪಾದ ಎಡಕ್ಕಿಂತ ಒಂದು ಗೋಧಿಕಾಳಿನಷ್ಟು ಉದ್ದ. ಎರಡು ಪಾದಗಳಲ್ಲೂ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಸಿದ್ಧ ಬೂಟು ಯಾವುದೂ ಆಗದೆ, ಕಾಲುಚೀಲದಲ್ಲಿ ರಕ್ತ ಇಂಗಿಸಿಕೊಂಡು ಓಡುತ್ತಿದ್ದವಳಿಗೆ, ಆಗಿನ್ನೂ ಇಪ್ಪತ್ನಾಲ್ಕು ದಾಟದ ಮೇಸ್ತ್ರಿ ಎರಡು ವಾರ ತಲೆ ಕೆಡಿಸಿಕೊಂಡು ಒಂದು ಜೋಡಿ ಹೊಲಿದುಕೊಟ್ಟ. ಮೊದಲ ಪದಕ ಬಂದದ್ದು ಅದರಲ್ಲಿ. ಉಳಿದೆರಡೂ ಅವನ ಬೂಟಿನಲ್ಲೇ ಬಂದವು.

ಅಲ್ಲಿಂದ ಮೇಸ್ತ್ರಿಯ ಬದುಕಿಗೆ ಒಂದು ಕೋಡು ಮೂಡಿತು. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ಮಾತನ್ನು ಎಲ್ಲೆಲ್ಲೋ ಸುತ್ತಿಸಿ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದ. “ಓಡಿದ್ದು ಅವರ ಕಾಲು, ಇಲ್ಲ ಅನ್ನಲ್ಲ. ಆದರೆ ಆ ಕಾಲು ಇದ್ದದ್ದೆಲ್ಲಿ? ನನ್ನ ಬೂಟಿನೊಳಗೆ!”

“ಶುರುವಾಯ್ತು,” ಎಂದು ಅವನ ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು.

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಕೆಲಸದಲ್ಲಿದ್ದಳು. ದಿನವಿಡೀ ನಿಂತೇ ಇರಬೇಕಾದ ಕೆಲಸ. ಓಟ, ಪದಕ ಇವೆಲ್ಲ ಅವಳಿಗೆ ತಲೆಗೆ ಹೋಗುವ ವಿಷಯವಲ್ಲ. ಗಂಡನ ಎದುರು ಆ ಓಟಗಾರ್ತಿಯನ್ನು ‘ನಿಮ್ಮ ಬಿರುಗಾಳಿ’ ಎಂದೇ ಕರೆಯುತ್ತಿದ್ದಳು. ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಮನೆಯಲ್ಲಿ ಇವರಿಬ್ಬರೇ. ಸಂಜೆ ಬಂದು ಚಪ್ಪಲಿ ಬಿಟ್ಟವಳೇ, “ಚಪ್ಪಲಿ ಕಚ್ಚುತ್ತೆ ರೀ,” ಅನ್ನುವಳು. “ಹೊಸದಲ್ವಾ, ನಾಲ್ಕು ದಿನ ಹಾಕು, ಬಿಡುತ್ತೆ,” ಎಂದು ಅವನು ತಲೆಯೆತ್ತದೆ ಹೇಳುವನು. ಮೂವತ್ತೊಂದು ವರ್ಷದಿಂದ ಇದೇ ಮಾತು. ದಿನಕ್ಕೆ ಹತ್ತು ಜನರ ಕಾಲು ಹಿಡಿಯುವವನಿಗೆ ಮನೆಗೆ ಬಂದು ಇನ್ನೊಂದು ಕಾಲು ನೋಡುವ ಉತ್ಸಾಹ ಇರಲಿಲ್ಲ.

ಹೀಗಿರುವಾಗ ಹೆಂಡತಿಯ ತಮ್ಮ ಅಂಚೆ ಕಚೇರಿಯಿಂದ ವಯಸ್ಸಿಗೆ ಮೊದಲೇ ನಿವೃತ್ತಿ ತೆಗೆದುಕೊಂಡ. ಕಾಗದಗಳನ್ನು ವಿಂಗಡಿಸುವ ಕೆಲಸದಲ್ಲಿ ತಲೆ ಹಣ್ಣಾದ ಮನುಷ್ಯ. ವಿಳಾಸ ಅರ್ಧಂಬರ್ಧ ಇದ್ದ ಕಾಗದವನ್ನೂ ಮನೆ ಮುಟ್ಟಿಸಿದ ಹೆಸರಿತ್ತು. ಕೈ ಖಾಲಿಯಾದದ್ದೇ ತಡ, ಸತ್ತವರ ವಿಳಾಸ ಹುಡುಕಲು ಹೊರಟ. ಸುತ್ತಲಿನ ಊರುಗಳದ್ದೆಲ್ಲ ಹುಟ್ಟು, ಸಾವು, ಮದುವೆಯ ದಾಖಲೆ ಪುಸ್ತಕಗಳಿರುವ ಕಚೇರಿಗೆ ದಿನಾ ಬುತ್ತಿ ಕಟ್ಟಿಕೊಂಡು ಹೋಗಿ, ಒಂದು ವರ್ಷದಲ್ಲಿ ತಮ್ಮ ಮನೆತನದ ವಂಶವೃಕ್ಷವನ್ನು ಬಾಗಿಲಗಲದ ಕಾಗದದ ಮೇಲೆ ಬರೆದು ಮುಗಿಸಿದ.

ಒಂದು ಭಾನುವಾರ ಮಧ್ಯಾಹ್ನ ಅದನ್ನು ಅಕ್ಕನ ಮನೆಗೆ ಸುರುಳಿ ಸುತ್ತಿ ತಂದು ನೆಲದ ಮೇಲೆ ಹರಡಿದ. ಮೂಲೆಗಳು ಮಡಚದಿರಲೆಂದು ನಾಲ್ಕು ಲೋಟ ಇಟ್ಟ.

“ಭಾವ, ಸ್ವಲ್ಪ ಕಾಲು ತೆಗೀರಿ. ಮುತ್ತಜ್ಜನ ಮೇಲೆ ಇಟ್ಟಿದೀರಿ.”

ಮೇಸ್ತ್ರಿ ಗೊಣಗುತ್ತ ಹಿಂದೆ ಸರಿದ.

“ಇಲ್ಲಿ ನೋಡಕ್ಕ. ಇದು ನಮ್ಮ ತಾತ. ಹದಿನಾರನೇ ವಯಸ್ಸಿಗೆ ಮನೆಯಲ್ಲಿ ಜಗಳ ಆಡಿಕೊಂಡು ಈ ಊರಿಗೆ ಬಂದ ಅಂತ ಅಪ್ಪ ಹೇಳ್ತಿದ್ದನಲ್ಲ, ಆ ಜಗಳ ಆಡಿದ್ದು ಇವನ ಹತ್ರ. ಸ್ವಂತ ಅಣ್ಣ. ಈ ಅಣ್ಣನಿಗೆ ಒಬ್ಬ ಮಗ. ಆ ಮಗನೂ ಆಮೇಲೆ ಇದೇ ಊರು ಸೇರಿದ. ಅವನ ಮಗಳು ಯಾರು ಹೇಳು ನೋಡೋಣ?”

“ನನಗೇನು ಗೊತ್ತು? ಹೇಳೋ.”

“ಬಿರುಗಾಳಿ!”

ಬಾಮೈದ ಬೆರಳಿನಿಂದ ಗೆರೆ ತೋರಿಸುತ್ತ ಮುಂದುವರಿಸಿದ. “ನಮ್ಮಪ್ಪ, ಅವರಪ್ಪ, ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಅಲ್ಲಿಗೆ ಬಿರುಗಾಳಿ ನಿನಗೂ ನನಗೂ ಅಕ್ಕ. ಭಾವ, ನಿಮಗೆ ಅತ್ತಿಗೆ!”

ಮೇಸ್ತ್ರಿಗೆ ಮೊದಲು ನಗು ಬಂತು. ಆಮೇಲೆ ಹೆಂಡತಿಯ ಮುಖ ನೋಡಿದ. ಅವಳು ಮಂಡಿಯೂರಿ ಕೂತು, ಇಸ್ತ್ರಿಯಿಂದ ಸುಟ್ಟು ಕಲೆಯಾದ ಬೆರಳನ್ನು ಆ ಗೆರೆಗಳ ಮೇಲೆ ಮೆಲ್ಲಗೆ ಆಡಿಸುತ್ತಿದ್ದಳು. “ಅವರಿಗೆ ಸಕ್ಕರೆ ಕಾಯಿಲೆ ಇದೆಯೇನ್ರೀ?” ಎಂದು ಕೇಳಿದಳು. “ಅಪ್ಪನ ಕಡೆ ಎಲ್ಲರಿಗೂ ಇತ್ತು.”

ಮೇಸ್ತ್ರಿಗೆ ಗೊತ್ತಿರಲಿಲ್ಲ. ಆ ಪಾದದ ಒಂದೊಂದು ಗೆರೆಯೂ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಎದೆಯಲ್ಲಿ ಎಲ್ಲೋ ಸಣ್ಣ ಮುಳ್ಳು ಮುರಿದಂತಾಯಿತು.

ಬಾಮೈದ ಸುಮ್ಮನಿರುವ ಜಾತಿಯಲ್ಲ. ಬಿರುಗಾಳಿಗೆ ಕಾಗದ ಬರೆದ. ಎಂಟೇ ದಿನಕ್ಕೆ ಉತ್ತರ ಬಂತು: ‘ಓದಿ ಬಹಳ ಸಂತೋಷವಾಯಿತು. ಬರುವ ಭಾನುವಾರ ಅಕ್ಕ ತಮ್ಮ ಇಬ್ಬರೂ ಚಹಾಕ್ಕೆ ಬನ್ನಿ.’ ಮೇಸ್ತ್ರಿ ಅದನ್ನು ಹಿಂದೆ ಮುಂದೆ ತಿರುಗಿಸಿ ಓದಿದ. ಇಬ್ಬರೂ ಎಂದೇ ಇತ್ತು.

“ನೀವೂ ಬನ್ನಿ ರೀ. ನಿಮಗೆ ಗುರುತಿರೋ ಮನೆ.”

“ಕರೆಯದೆ ಹೋಗೋದಕ್ಕೆ ನನಗೇನು ಬಂದಿದೆ? ಭಾನುವಾರ ನನಗೆ ಕೆಲಸ ಇದೆ.”

ಭಾನುವಾರ ಅಂಗಡಿಗೆ ರಜೆ. ಕೀಲಿ ಅವನ ಹತ್ತಿರವೇ ಇತ್ತು. ಹೋಗಿ ಹಿಂದಿನ ಕೋಣೆಯಲ್ಲಿ ಕೂತ. ಕೆಲಸ ಏನೂ ಇರಲಿಲ್ಲ. ಮೇಲಿನ ಹಲಗೆಯ ಜೋಡಿಯನ್ನು ನೋಡುತ್ತ ಲೆಕ್ಕ ಹಾಕಿದ: ಮೂವತ್ತೈದು ವರ್ಷದಲ್ಲಿ ಆ ಮನೆಗೆ ಎಷ್ಟು ಸಲ ಹೋಗಿರಬಹುದು? ನೂರು ಸಲವಾದರೂ ಹೋಗಿರಬೇಕು. ಪ್ರತಿ ಸಲವೂ ಜಗಲಿಯ ಬೆಂಚು. ಆಕೆ ಒಳಗಿನಿಂದ ಬಂದು ಕಾಲು ಚಾಚುವಳು. ಇವನು ಕಾಗದದ ಮೇಲೆ ಗೆರೆ ಎಳೆದುಕೊಳ್ಳುವನು. ಬಿಸಿಲು ಜೋರು, ಚಳಿ ಜೋರು, ಅಷ್ಟೇ ಮಾತು. ಒಳಗಿನ ಪರದೆ ಯಾವ ಬಣ್ಣದ್ದು ಅಂತಲೂ ಅವನಿಗೆ ಗೊತ್ತಿಲ್ಲ. ಈಗ ತನ್ನ ಹೆಂಡತಿ, ಓಟ ಅಂದರೆ ಬಸ್ಸು ಹಿಡಿಯಲು ಓಡುವುದು ಎಂದಷ್ಟೇ ತಿಳಿದವಳು, ಆ ಪರದೆಯಾಚೆ ಕೂತಿದ್ದಾಳೆ.

ಸಂಜೆ ಅವಳು ಬಂದಾಗ ಅವನು ಪೇಪರು ಓದುವವನಂತೆ ಕೂತಿದ್ದ.

“ಹೇಗಿತ್ತು?”

“ಚೆನ್ನಾಗಿತ್ತು. ಅಕ್ಕ ಪಾಪ ಒಬ್ಬರೇ ಇರ್ತಾರೆ ರೀ. ಜೊತೆಗಿದ್ದ ಅವರಣ್ಣ ತೀರಿಹೋಗಿ ಮೂರು ವರ್ಷ ಆಯ್ತಂತೆ. ಸಕ್ಕರೆ ಕಾಯಿಲೆ ಇದೆ.”

ಅಕ್ಕ! ಒಂದು ಲೋಟ ಚಹಾ ಕುಡಿಯುವುದರೊಳಗೆ ಅಕ್ಕ ಆಗಿಹೋದಳು. ಅವನ ಬಾಯಲ್ಲಿ ಮೂವತ್ತೈದು ವರ್ಷವಾದರೂ ಆಕೆ ‘ಮೇಡಂ’.

“ಪದಕಾನ ಬೀರುವಿನಲ್ಲಿ ಬಟ್ಟೆ ನಡುವೆ ಸುತ್ತಿಟ್ಟಿದಾರೆ. ತೆಗೆದು ನನ್ನ ಕೈಗೇ ಕೊಟ್ರು. ಎಷ್ಟು ಭಾರ ಗೊತ್ತಾ?”

ಗೊತ್ತಿರಲಿಲ್ಲ. ಪೇಪರಿನ ಪಟದಲ್ಲಿ ಆಕೆಯ ಕೊರಳಲ್ಲಿ ನೋಡಿದ್ದಷ್ಟೇ. ಮೇಸ್ತ್ರಿ ಪೇಪರು ಮಡಚಿಟ್ಟ. “ಪರದೆ ಯಾವ ಬಣ್ಣ?” ಎಂದು ಕೇಳಿದ.

“ಪರದೆಯಾ? ನಾನ್ಯಾಕೆ ನೋಡ್ಲಿ ಅದನ್ನ?” ಎಂದು ಅವಳು ನಕ್ಕು ಒಳಗೆ ಹೋದಳು.

ಆಮೇಲಿನದು ಗಾಯದ ಮೇಲೆ ಉಪ್ಪು ಸುರಿದಂತಾಯಿತು. ಊರಿನ ಪೇಪರಿನಲ್ಲಿ ಮೂವರ ಪಟ ಬಂತು: ‘ತೊಂಬತ್ತು ವರ್ಷದ ನಂತರ ಒಂದಾದ ಕುಟುಂಬ’. ಮೂರು ಪದಕದ ಸುದ್ದಿ ಬಂದಾಗಲೂ ಬೂಟು ಮಾಡಿದವನ ಹೆಸರು ಯಾವ ಪೇಪರಿನಲ್ಲೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಇಸ್ತ್ರಿ ಕೋಣೆಗೇ ಬಂದು ಹೆಂಡತಿಯನ್ನು ಮಾತಾಡಿಸಿ ಹೋದರಂತೆ. ಹಾಲು ತರಲು ಹೋದರೆ ಪಕ್ಕದ ಮನೆಯಾತ, “ಏನ್ರೀ, ದೊಡ್ಡವರ ನೆಂಟರು!” ಎಂದು ಬೆನ್ನು ತಟ್ಟಿದ. ಎಲ್ಲಕ್ಕಿಂತ ಚುಚ್ಚಿದ್ದು ಮಾಲೀಕರ ಮಾತು. ಮೊದಲೆಲ್ಲ ಹೊಸ ಗಿರಾಕಿ ಬಂದರೆ, “ಬಿರುಗಾಳಿಗೆ ಬೂಟು ಹೊಲಿದ ಕೈ ನಮ್ಮ ಮೇಸ್ತ್ರೀದು,” ಎನ್ನುತ್ತಿದ್ದರು. ಈಗ, “ನಮ್ಮ ಮೇಸ್ತ್ರಿ ಬೇರೆ ಯಾರೂ ಅಲ್ಲ, ಬಿರುಗಾಳಿಯ ತಂಗಿ ಗಂಡ!” ಅನ್ನತೊಡಗಿದರು. ಒಳಗೆ ಕೂತ ಮೇಸ್ತ್ರಿಯ ದಬ್ಬಣ ಚರ್ಮ ಬಿಟ್ಟು ಹೆಬ್ಬೆರಳಿಗೆ ಇಳಿಯಿತು.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತಾರೆ. ಮೇಸ್ತ್ರಿ ಮದ್ದು ಹುಡುಕಿದ. ತನಗೂ ಒಂದು ವಂಶವಿದೆಯಲ್ಲ? ಅಲ್ಲಿ ಯಾರಾದರೂ ಇರಲೇಬೇಕು. ಸೇನಾಪತಿ ಬೇಡ, ಒಬ್ಬ ಪೈಲ್ವಾನನಾದರೂ ಸಾಕು. ಅರ್ಧ ದಿನ ರಜೆ ಹಾಕಿ ಯಾರಿಗೂ ಹೇಳದೆ ಅದೇ ದಾಖಲೆ ಕಚೇರಿಗೆ ಹೋದ. ಅಲ್ಲಿನ ಗುಮಾಸ್ತೆ ಕನ್ನಡಕ ಹಣೆಗೇರಿಸಿ, ಪುಸ್ತಕ ತೆಗೆದುಕೊಟ್ಟಳು. ಅಪ್ಪ: ಚಪ್ಪಲಿ ರಿಪೇರಿ. ಅದು ಗೊತ್ತಿದ್ದದ್ದೇ. ತಾತ: ಕಸದ ಗಾಡಿ. ಮುತ್ತಾತನ ಹೆಸರಿನ ಮುಂದೆ ಹೆಬ್ಬೆಟ್ಟಿನ ಗುರುತು. ಕಸುಬಿನ ಅಂಕಣದಲ್ಲಿ ‘ಇತರೆ’.

“ಇತರೆ ಅಂದ್ರೆ ಏನಮ್ಮ?”

“ಏನೂ ಅಲ್ಲ ಅಂತ. ಅಥವಾ ಬರೆಯೋರಿಗೆ ಕೇಳೋಕೆ ಬೇಜಾರಾಗಿತ್ತು ಅಂತ.”

ಅದಕ್ಕೂ ಹಿಂದಿನ ಪುಸ್ತಕದಲ್ಲಿ ಅವರ ಸುಳಿವೇ ಇರಲಿಲ್ಲ. ಬೆಟ್ಟ ಅಗೆದದ್ದಾಯಿತು, ಇಲಿಯೂ ಸಿಗಲಿಲ್ಲ.

ಏಳಬೇಕೆನ್ನುವಾಗ ಇನ್ನೊಂದು ಯೋಚನೆ ಬಂತು. ಬಾಮೈದ ಬರೆದದ್ದು ಸರಿಯೇ ಎಂದು ನೋಡಿದರೆ? ಆ ಮನೆತನದ ಪುಸ್ತಕ ತೆಗೆಸಿದ. ಕಾಲಿನ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪು ಹಿಡಿಯುವ ಕಣ್ಣು ಅದು. ಒಂದು ಗಂಟೆಯೊಳಗೆ ಹಿಡಿಯಿತು. ಹುಟ್ಟಿನ ಪುಸ್ತಕದಲ್ಲಿ ಬಿರುಗಾಳಿಯ ಮನೆತನದ, ಹೆಂಡತಿಯ ತಾತನ ಹೆಸರೇ ಇದ್ದ ಮಗು ಹುಟ್ಟಿದ ವರ್ಷಕ್ಕೂ, ಮದುವೆಯ ಪುಸ್ತಕದಲ್ಲಿ ಆತನೇ ಹೇಳಿದ ವಯಸ್ಸಿಗೂ ನಾಲ್ಕು ವರ್ಷದ ವ್ಯತ್ಯಾಸ. ಅಂದರೆ ಇವನು ಬೇರೆ, ಅವನು ಬೇರೆ. ಹೆಸರೊಂದೇ, ಮನುಷ್ಯ ಬೇರೆ! ಬಿರುಗಾಳಿಯ ಮನೆತನಕ್ಕೂ ತನ್ನ ಹೆಂಡತಿಗೂ ಸಂಬಂಧವೇ ಇಲ್ಲ!

ಗುಮಾಸ್ತೆಯಿಂದ ಎರಡೂ ಪುಟಗಳ ನಕಲು ಬರೆಸಿಕೊಂಡು ಕಿಸೆಯಲ್ಲಿಟ್ಟ. ಎಷ್ಟೋ ದಿನದ ಮೇಲೆ ಅವನಿಗೆ ಆವತ್ತು ಊಟ ರುಚಿಸಿತು. ಹೆಂಡತಿಗೂ ಬಾಮೈದನಿಗೂ ಬಾಯಿ ಬಿಡಲಿಲ್ಲ. ಮರುದಿನವೇ, ಚಳಿಗಾಲದ ಬೂಟಿಗೆ ಅಳತೆ ತೆಗೆಯುವ ನೆಪ ಮಾಡಿ ಬಿರುಗಾಳಿಯ ಮನೆಗೆ ಹೋದ.

ಆಕೆಗೆ ಈಗ ಅರವತ್ತಮೂರು. ಜಗಲಿಯ ಬೆಂಚಿನ ಮೇಲೆ ಕೂತು ಕಾಲು ಚಾಚಿದಳು. ಮೇಸ್ತ್ರಿ ಗೆರೆ ಎಳೆಯುತ್ತ, ತಲೆಯೆತ್ತದೆ ಹೇಳಿದ.

“ಮೇಡಂ, ಒಂದು ಮಾತು. ನಿಮಗೆ ಮೋಸ ಆಗಬಾರದು ಅಂತ ಹೇಳ್ತಿದೀನಿ. ನನ್ನ ಬಾಮೈದ ಬರೆದದ್ದರಲ್ಲಿ ತಪ್ಪಿದೆ,” ಎಂದು ನಕಲುಗಳನ್ನು ಬಿಚ್ಚಿ ತೋರಿಸಿದ.

ಆಕೆ ಬಹಳ ಹೊತ್ತು ಓದಿದಳು. ಮೇಸ್ತ್ರಿ ಮುಖ ನೋಡಿದ. ಆ ಮುಖ ಇಳಿದುಹೋಗಿತ್ತು. ಕೊನೆಯ ಓಟದಲ್ಲಿ ನಾಲ್ಕನೆಯವಳಾಗಿ ಬಂದ ದಿನದ ಪಟದಲ್ಲೂ ಆಕೆ ಹಾಗೆ ಕಂಡಿರಲಿಲ್ಲ.

“ಇದನ್ನ ಹುಡುಕೋಕೆ ನೀವೇ ಹೋಗಿದ್ರಾ, ಮೇಸ್ತ್ರಿ?”

“ಹೌದು.”

“ಯಾಕೆ?”

ಮೇಸ್ತ್ರಿ ಅಳತೆಯ ಕಾಗದದ ಮೇಲೆ ಎಳೆದ ಗೆರೆಯನ್ನೇ ಮತ್ತೆ ಎಳೆದ. ಆಕೆ ನಕಲುಗಳನ್ನು ಮಡಚಿ ಅವನ ಕೈಗೆ ಕೊಟ್ಟಳು. “ನನಗೆ ಈ ವರ್ಷಗಳ ಲೆಕ್ಕ ತಿಳಿಯಲ್ಲ. ನಿಮ್ಮನೆಯವರು ಆವತ್ತು ಬಾಗಿಲಲ್ಲಿ ಚಪ್ಪಲಿ ಬಿಟ್ಟರಲ್ಲ, ನಾನು ಅವರ ಕಾಲು ನೋಡಿದೆ. ನೋಡಿ ನನಗೆ ಅಳು ಬಂತು. ನೀವು ನೋಡಿಲ್ವಾ?”

“ಯಾವುದನ್ನ?”

“ಅಯ್ಯೋ ಮಹಾರಾಯರೇ! ಊರಿನ ಕಾಲೆಲ್ಲ ನಿಮ್ಮ ಕೈಯಲ್ಲಿ. ಹೆಂಡತಿ ಕಾಲು ನೋಡಿಲ್ವಾ?” ಎಂದು ಆಕೆ ನಕ್ಕಳು. ಆ ನಗುವಿನಲ್ಲಿ ಮುನಿಸೂ ಇತ್ತು.

ಮೇಸ್ತ್ರಿ ಮನೆಗೆ ಬರುವಷ್ಟರಲ್ಲಿ ಹೆಂಡತಿ ಕೆಲಸದಿಂದ ಬಂದು ಅಡಿಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಚಪ್ಪಲಿ ಬಿಟ್ಟು, ಕಾಲನ್ನು ತಣ್ಣೀರಿನ ಬೋಗುಣಿಯಲ್ಲಿ ಇಳಿಸಿದ್ದಳು. ಮೇಸ್ತ್ರಿ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಬಲಗಾಲನ್ನು ನೀರಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ.

“ಇದೇನ್ರೀ!”

ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಸಿದ್ಧ ಚಪ್ಪಲಿ ಉಜ್ಜಿ ಉಜ್ಜಿ ಅದರ ಮೇಲೆ ಬಟಾಣಿಯಷ್ಟು ಆಣಿ ಬೆಳೆದಿತ್ತು. ಎಡಗಾಲನ್ನೂ ಎತ್ತಿದ. ಹಾಗೇ. ಕಿಸೆಯಿಂದ ಮಧ್ಯಾಹ್ನದ ಅಳತೆಯ ಕಾಗದ ತೆಗೆದು ನೆಲದ ಮೇಲೆ ಹರಡಿ, ಒದ್ದೆ ಪಾದವನ್ನು ಅದರ ಮೇಲೆ ಇಡಿಸಿದ. ಗೆರೆಯೊಳಗೆ ಗೆರೆ ಕೂತಿತು. ಬಲಪಾದ ಎಡಕ್ಕಿಂತ ಒಂದು ಗೋಧಿಕಾಳಿನಷ್ಟು ಉದ್ದ. ಹೀಗಿರುವ ಕಾಲು ಊರಲ್ಲಿ ಇನ್ನೂ ಹತ್ತು ಜನಕ್ಕೆ ಇರಬಹುದು ಎಂದುಕೊಂಡ. ಮೂವತ್ತಾರು ವರ್ಷದಲ್ಲಿ ತಾನು ನೋಡಿದ ಸಾವಿರಾರು ಕಾಲುಗಳಲ್ಲಿ ಇನ್ನೊಂದು ಇರಲಿಲ್ಲ ಎನ್ನುವುದೂ ಅವನಿಗೆ ಗೊತ್ತಿತ್ತು.

“ಅಕ್ಕ ಫೋನ್ ಮಾಡಿದ್ರು,” ಎಂದಳು ಹೆಂಡತಿ. ದನಿ ತಣ್ಣಗಿತ್ತು. “ನಾನು ಅವರ ತಂಗಿ ಅಲ್ಲ ಅಂತ ಹೇಳಿ ಬಂದ್ರಂತೆ.”

“ಪುಸ್ತಕದಲ್ಲಿ ಹಾಗಿತ್ತು.”

“ಇದ್ದರೆ ನನಗೆ ಹೇಳ್ಬೇಕಿತ್ತು. ನನ್ನ ತಮ್ಮನಿಗೆ ಹೇಳ್ಬೇಕಿತ್ತು. ಅಲ್ಲಿಗೆ ಓಡಿದ್ರಲ್ಲ. ಹುಟ್ಟಿದಾಗಿನಿಂದ ನನ್ನದು ಅಂತ ಒಂದು ದೊಡ್ಡದು ಸಿಕ್ಕಿತ್ತು. ಅದಕ್ಕೂ ನಿಮಗೆ ಹೊಟ್ಟೆ ಉರಿಯಾ?”

“ಹೌದು,” ಎಂದುಬಿಟ್ಟ ಮೇಸ್ತ್ರಿ. ಪಾದ ಇನ್ನೂ ಅವನ ಕೈಯಲ್ಲಿತ್ತು. “ಉರೀತು. ಈಗಲೂ ಉರೀತಿದೆ. ನನಗೆ ಇದ್ದದ್ದು ಅದೊಂದೇ ಅಲ್ವಾ? ನೀನು ಏನೂ ಮಾಡದೆ ಅದನ್ನ ತಗೊಂಡೆ.”

ಅವಳು ಅವನನ್ನೇ ನೋಡಿದಳು. “ಉರಿ ಅಂದ್ರೆ ಏನು ಅಂತ ನಿಮಗೆ ಈಗ ಗೊತ್ತಾಯ್ತಾ? ಮದುವೆಯಾಗಿ ಬಂದ ವಾರಕ್ಕೇ ನೀವು ನನ್ನ ಮುಂದೆ ಇನ್ನೊಬ್ಬಳ ಕಾಲು ಹೊಗಳಿದವರು. ಆ ಹಿಮ್ಮಡಿ ಹೀಗೆ, ಆ ಬೆರಳು ಹಾಗೆ ಅಂತ. ಮೂವತ್ತೊಂದು ವರ್ಷ ಕೇಳಿದೀನಿ. ನಿಮ್ಮ ಎದುರಿಗೇ ಚಪ್ಪಲಿ ಕಚ್ಚಿ ಕಚ್ಚಿ ನನ್ನ ಕಾಲಿಗೆ ಆಣಿ ಬಂತು. ಒಂದು ದಿನ ಬಗ್ಗಿ ನೋಡಿದ್ರಾ? ಆವತ್ತು ಆ ಮನೆಗೆ ನಾನ್ಯಾಕೆ ಹೋದೆ ಅಂದ್ಕೊಂಡ್ರಿ? ನೆಂಟಸ್ತಿಕೆಗಲ್ಲ. ಅವಳ ಕಾಲು ನೋಡೋಕೆ ಹೋದೆ!”

ಮೇಸ್ತ್ರಿ ಕೈಯಲ್ಲಿದ್ದ ಪಾದದ ನೀರು ಒರೆಸತೊಡಗಿದ.

“ನೋಡಿದೆ,” ಎಂದಳು. “ನೋಡಿದ್ರೆ ನನ್ನದೇ ಕಾಲು. ಇನ್ನು ಯಾರ ಮೇಲೆ ಸಿಟ್ಟು ಮಾಡ್ಲಿ ನಾನು?” ಎಂದವಳು ಕಾಲನ್ನು ಕಿತ್ತುಕೊಂಡು ಎದ್ದುಹೋದಳು. ಆ ವಾರವೆಲ್ಲ ಅವರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎನ್ನುವುದರ ಆಚೆ ಮಾತಿರಲಿಲ್ಲ.

ವಿಷಯ ತಿಳಿದ ಬಾಮೈದ ಕೆಂಡವಾದ. ಅವಮಾನವಾದದ್ದು ಅಕ್ಕನಿಗಿಂತ ಹೆಚ್ಚಾಗಿ ಅವನ ಅಂಚೆ ಬುದ್ಧಿಗೆ. ನಕಲು ಕಿತ್ತುಕೊಂಡು ಕಚೇರಿಗೆ ಹೋಗಿ ಮೂರು ದಿನ ಕೂತ. ನಾಲ್ಕನೆಯ ದಿನ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. “ಭಾವ, ಮೊದಲ ಹೆಸರು ಕಂಡದ್ದೇ ನೀವು ಹುಟ್ಟಿನ ಪುಸ್ತಕ ಮುಚ್ಚಿದ್ರಿ, ಸಾವಿನ ಪುಸ್ತಕ ನೋಡಲೇ ಇಲ್ಲ! ಮೊದಲನೇ ಮಗು ಹನ್ನೊಂದು ತಿಂಗಳಿಗೇ ಹೋಯ್ತು. ಮೂರು ವರ್ಷ ಬಿಟ್ಟು ಹುಟ್ಟಿದ ಮಗುವಿಗೆ ಅದೇ ಹೆಸರಿಟ್ಟರು. ಅವನೇ ನಮ್ಮ ತಾತ. ಲೆಕ್ಕ ಸರಿಹೋಯ್ತಾ?”

ಸರಿಹೋಗಿತ್ತು. ಮೇಸ್ತ್ರಿ ತಲೆಯಾಡಿಸಿದ. “ನಾನೇ ಹೋಗಿ ಅವರಿಗೆ ಹೇಳ್ತೀನಿ,” ಅಂದ. ಹೋಗಿ ಹೇಳಿದ. ಬಿರುಗಾಳಿ ಒಳಗೆ ಬನ್ನಿ ಎಂದಳು. ಅವನು ಜಗಲಿಯ ಬೆಂಚಿನ ಮೇಲೇ ಕೂತು, ಇಲ್ಲೇ ಗಾಳಿ ಚೆನ್ನಾಗಿದೆ ಎಂದ.

ಮರುವಾರ ಅಂಗಡಿಯಲ್ಲಿ ಅವನು ಹೆಂಡತಿಗೊಂದು ಜೋಡಿ ಬೂಟಿಗೆ ಕೈ ಹಾಕಿದ. ಹೊಸ ಅಚ್ಚು ಕೆತ್ತುವ ಅಗತ್ಯ ಇರಲಿಲ್ಲ. ಮೇಲಿನ ಹಲಗೆಯ ಜೋಡಿಯನ್ನು ಇಳಿಸಿ, ಆಣಿಯ ಜಾಗಕ್ಕೆ ಒಂದು ತುಂಡು ಚರ್ಮ ಅಂಟಿಸಿ ಎತ್ತರ ಮಾಡಿಕೊಂಡರೆ ಸಾಕಾಗಿತ್ತು. ದಿನವಿಡೀ ನಿಂತಿರುವ ಕಾಲು ಎಂದು ಅಟ್ಟೆಯೊಳಗೆ ಇನ್ನೊಂದು ಮೆತ್ತನೆಯ ಪದರ ಕೊಟ್ಟ. ಮಾಲೀಕರು ಬಗ್ಗಿ ನೋಡಿ, “ಬಿರುಗಾಳಿಗಾ?” ಎಂದರು. “ಅಲ್ಲ,” ಎಂದು ಹೊಲಿಗೆ ಮುಂದುವರಿಸಿದ.

ಹೆಂಡತಿ ಬೂಟು ಹಾಕಿಕೊಂಡು ಅಡಿಗೆಮನೆಯಿಂದ ಬೀದಿ ಬಾಗಿಲವರೆಗೆ ಎರಡು ಸಲ ನಡೆದಳು. “ಕಚ್ಚಲ್ಲ,” ಎಂದಳು. ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು ಅವನು ಕಾದ. ಹೇಳಲಿಲ್ಲ. ಆದರೆ ಆವತ್ತು ತಟ್ಟೆ ಹಾಕುವಾಗ ತಾನಾಗಿಯೇ, “ಬನ್ನಿ, ಆರಿಹೋಗುತ್ತೆ,” ಎಂದು ಕರೆದಳು. ಅಷ್ಟು ದಿನದ ಮೌನ ಅಲ್ಲಿಗೆ ಮುರಿಯಿತು.

ಆ ಚಳಿಗಾಲದಿಂದ ಅಕ್ಕ ತಂಗಿ ಬೆಳಗ್ಗೆ ಕ್ರೀಡಾಂಗಣದ ಸುತ್ತ ನಡೆಯಲು ಹೋಗತೊಡಗಿದರು. ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಮೇಸ್ತ್ರಿ ಅಂಗಡಿ ತೆರೆಯುವ ಹೊತ್ತಿಗೆ ಇಬ್ಬರೂ ಪೇಟೆಬೀದಿಯಲ್ಲೇ ಹಿಂತಿರುಗುವರು. ನಾಲ್ಕು ಬೂಟುಗಳೂ ಅವನು ಹೊಲಿದವೇ. ಜನ ಕೈಮುಗಿಯುತ್ತಿದ್ದದ್ದು ಬಿರುಗಾಳಿಗೆ. ಜೊತೆಗಿದ್ದ ತಂಗಿಗೂ ಅದರಲ್ಲಿ ಒಂದು ಪಾಲು ಹೋಗುತ್ತಿತ್ತು. ಬಾಗಿಲಲ್ಲಿ ಬೀಗ ಹಿಡಿದು ನಿಂತವನತ್ತ ಅವರು ನೋಡುವಷ್ಟರಲ್ಲಿ ಯಾವುದೋ ಮಾತಿಗೆ ನಗು ಬಂದು, ಹಾಗೇ ದಾಟಿಹೋಗುವರು. ಏನು ಮಾತಾಡಿಕೊಳ್ಳುತ್ತಾರೆ ಎಂದು ಅವನು ಹಲವು ಸಲ ಕೇಳಿದ. “ನಮ್ಮ ಮನೆ ವಿಷಯ,” ಎಂದಳು ಹೆಂಡತಿ.

ಒಂದು ದಿನ ಮಾತ್ರ ಅವಳು ಬಂದವಳೇ ಹುರುಪಿನಿಂದ ಹೇಳಿದಳು: “ಇವತ್ತು ನಾನೇ ಮುಂದೆ ಹೋದೆ ರೀ! ಅಕ್ಕ ಏದುಸಿರು ಬಿಡ್ತಾ ಹಿಂದೆ ಉಳಿದ್ರು. ನಿಲ್ಲೇ ತಾಯಿ ಅಂತ ಕೂಗಿದ್ರು.”

“ಅವರ ಬಲಬೂಟಿನ ಅಟ್ಟೆ ಸವೆದಿದೆ. ಅದಕ್ಕೆ,” ಎಂದ ಮೇಸ್ತ್ರಿ ಥಟ್ಟನೆ. “ಇಲ್ಲದಿದ್ರೆ ನೀನು ಅವರನ್ನ ಹಿಂದೆ ಹಾಕೋದು ಅಂದ್ರೇನು!”

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಹೆಂಡತಿ ಮುನಿಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿ, “ಹಾಗಾದ್ರೆ ಹೊಸ ಅಟ್ಟೆ ಹಾಕಿಕೊಡಿ. ಆಮೇಲೂ ಸೋಲಿಸ್ತೀನಿ,” ಎಂದಳು.

ಮೇಸ್ತ್ರಿ ಮಾರನೆಯ ದಿನವೇ ಹೋಗಿ ಆ ಬೂಟು ತಂದು, ಇದ್ದುದರಲ್ಲೇ ಒಳ್ಳೆಯ ಚರ್ಮ ಆರಿಸಿ ಅಟ್ಟೆ ಕೂರಿಸಿದ.